ಮೊದಲ ಬಟ್ಟಲು

"ಏನ್ರೀ! ಹಸಿವಾದ್ರೆ ಬಾಯಿಬಿಟ್ಟು ಕೇಳ್ಬಾರ್ದಾ? ಎಂಜಲು ಬಕೆಟ್‌ನಲ್ಲಿ ಏನು ಹುಡುಕ್ತಿದ್ದೀರಿ?"

ಅವಳು ಬೆಚ್ಚಿಬಿದ್ದು ತಲೆ ಎತ್ತಿದಳು.

ಸಂಜೆ ನಾಲ್ಕು ಗಂಟೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿ. ಸೂಪಿನ ಗಾಡಿಯ ಹಿಂದೆ, ಗಿರಾಕಿಗಳು ಉಳಿದದ್ದನ್ನು ಸುರಿಯುವ ನೀಲಿ ಬಕೆಟ್ ಮೇಲೆ ಬಗ್ಗಿ ನಿಂತಿದ್ದಳು ಪಾಪ. ಎದುರಿಗೆ ಸೌಟು ಹಿಡಿದ ಗಾಡಿಯವನು... ಕಣ್ಣಲ್ಲಿ ಕೋಪ, ತುಟಿಯಲ್ಲಿ ನಗು ತಡೆದುಕೊಂಡ ಗುರುತು!

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

"ಅದು... ಏನೋ ಬಿತ್ತು... ಓಲೆ..."

"ಎರಡೂ ಕಿವೀಲಿ ಓಲೆ ಇದೆ ಮೇಡಂ."

ಯಾರೋ ಕಿಸಕ್ಕೆಂದರು. ಅವನು ಒಂದು ಬಟ್ಟಲು ಸೂಪು, ಒಂದು ಬನ್ನು ಅವಳ ಕೈಗಿಟ್ಟ. "ಮೊದ್ಲು ಇದನ್ನ ಕುಡೀರಿ. ಆಮೇಲೆ ಇನ್ನೂ ಒಳ್ಳೆ ಸುಳ್ಳು ಹೇಳೋಕೆ ಶಕ್ತಿ ಬರುತ್ತೆ."

ಮುಖ ಕೆಂಪಾಗಿ ಬಟ್ಟಲು ಹಿಡಿದವಳ ಕಣ್ಣಿಗೆ ಆಗ ಬಿತ್ತು... ಹಸಿರು ಬಣ್ಣದ ಗಾಡಿ, ಹೊಟ್ಟೆ ತಗ್ಗಾದ ಹಳೇ ಪಾತ್ರೆ. ಅರೆ!

"ಇಲ್ಲಿ ಮೊದಲು ಒಬ್ರು ಅಮ್ಮ ಇರ್ತಿದ್ರಲ್ವಾ? ಕಾಲೇಜಿನ ಹುಡುಗೀರಿಗೆ ಒಂದು ಸೌಟು ಜಾಸ್ತಿ ಹಾಕ್ತಿದ್ರು..."

ಅವನ ನಗು ನಿಂತಿತು.

"ನಮ್ಮಮ್ಮ. ಹೋಗಿ ನಾಲ್ಕು ವರ್ಷ ಆಯ್ತು."



*

ಅವಳು ಯಾರು ಗೊತ್ತೇ? ಭಾನುವಾರದ ಪತ್ರಿಕೆಯಲ್ಲಿ 'ಅಗ್ಗದ ರುಚಿ' ಅಂಕಣ ಬರೆಯುವವಳು! ಅಷ್ಟು ದೊಡ್ಡ ನಗರದಲ್ಲಿ ಯಾವ ಮೂಲೆಯ ಯಾವ ಗಾಡಿಯಲ್ಲಿ ಕಡಿಮೆ ಕಾಸಿಗೆ ಹೊಟ್ಟೆ ತುಂಬ ಒಳ್ಳೆಯದು ಸಿಗುತ್ತದೆಂದು ಊರಿಗೆಲ್ಲ ಹೇಳುವವಳು. ಅವಳು ಹೊಗಳಿದರೆ ಮರುದಿನವೇ ಆ ಗಾಡಿಯ ಮುಂದೆ ಸಾಲು. ಅವಳ ನಾಲಿಗೆಯನ್ನು ಊರೇ ನಂಬಿತ್ತು.

ಆ ನಾಲಿಗೆ ಸತ್ತು ಎರಡು ವರ್ಷವಾಗಿತ್ತು.

ಹೌದು. ಒಂದು ಜ್ವರ ಬಂದು, ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಉಪ್ಪು, ಹುಳಿ, ಸಿಹಿ, ಸೀದ ವಾಸನೆ... ಏನೂ ಇಲ್ಲ! "ಕಾದು ನೋಡೋಣ" ಎಂದರು ವೈದ್ಯರು. ಕಾದಳು. ಬರಲಿಲ್ಲ. ಹೇಳಿದರೆ ಅಂಕಣ ಹೋಗುತ್ತದೆ. ಅಂಕಣ ಬಿಟ್ಟರೆ ಅವಳಿಗೆ ಬೇರೇನಿತ್ತು? ಅಕ್ಕನೊಬ್ಬಳನ್ನು ಬಿಟ್ಟು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಹಾಗಾದರೆ ಬರೆಯುವುದು ಹೇಗೆ ಅಂತೀರಾ? ಎಂಜಲು ಬಕೆಟ್ ನೋಡಿ! ಜನ ಏನು ಉಳಿಸಿದರು, ಎಷ್ಟು ಉಳಿಸಿದರು ಎಂಬುದರಲ್ಲೇ ಅರ್ಧ ತೀರ್ಪು ಇರುತ್ತದೆ. ಮಾಡುವವನು ತನ್ನದನ್ನೇ ತಿನ್ನುತ್ತಾನೋ, ಮನೆಯಿಂದ ಡಬ್ಬಿ ತರುತ್ತಾನೋ ಎಂದೂ ನೋಡುತ್ತಿದ್ದಳು. ಪಕ್ಕದಲ್ಲಿ ನಿಂತು ತಿನ್ನುವವರ ಮಾತನ್ನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಆದರೆ ಎಲ್ಲಿ ಹೋದರೂ ಮೊದಲ ಬಟ್ಟಲು ಮಾತ್ರ ಮುಟ್ಟುತ್ತಿರಲಿಲ್ಲ. ಬೇರೆಯವರು ತಿಂದು ಮುಖ ತೋರಿಸಿದ ಮೇಲೆಯೇ ಅವಳ ಬಾಯಿಂದ ಮಾತು.

ಎರಡು ವರ್ಷದಲ್ಲಿ ಒಂದು ಗಾಡಿಯನ್ನೂ ತಪ್ಪಾಗಿ ಹೊಗಳಿರಲಿಲ್ಲ. ಅದೇ ಅವಳ ಸಮಾಧಾನ, ಅದೇ ಅವಳ ಸಂಕಟ.

ಸೂಪಿನ ಗಾಡಿಗೆ ಮರುದಿನವೂ ಹೋದಳು. ಅದರ ಮರುದಿನವೂ. ನಾಲ್ಕು ಗಂಟೆಗೆ ಸರಿಯಾಗಿ ಅವನು ತನ್ನ ಬಟ್ಟಲು ಹಿಡಿದು ನಿಂತೇ ಕುಡಿಯುತ್ತಿದ್ದ. ಗಿರಾಕಿಗಳು ಅವನನ್ನು ಸೂಪಣ್ಣ ಎಂದರೆ, ಅವನು ಅವಳನ್ನು ಬಕೆಟ್ ಮೇಡಂ ಎಂದು ಕರೆಯತೊಡಗಿದ. ಪತ್ರಿಕೆಯವಳು ಎಂದು ಗೊತ್ತಾದ ಮೇಲೂ ಹೆಸರು ಬದಲಾಗಲಿಲ್ಲ.

"ಹೆಂಗಿದೆ ಬಕೆಟ್ ಮೇಡಂ ಇವತ್ತು?"

ಪಕ್ಕದಲ್ಲಿ ನಿತ್ಯ ಬರುವ ಟ್ಯಾಕ್ಸಿ ಮಾವ ಆಗಷ್ಟೇ 'ಮೆಣಸು ಒಂಚೂರು ಮುಂದೆ' ಎಂದದ್ದು ಕಿವಿಗೆ ಬಿದ್ದಿರುತ್ತಿತ್ತು.

"ಮೆಣಸು ಒಂಚೂರು ಮುಂದೆ..."

"ಎಲಾ! ಎಂಥ ನಾಲಿಗೆ ರೀ ನಿಮ್ದು!"

ಅವಳು ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಅಂದುಕೊಂಡ ಅವನು. 'ಇವತ್ತು ಹೇಳಿಬಿಡ್ತೀನಿ' ಎಂದುಕೊಂಡು ಬರುವುದು, ಅವನ ನಗು ನೋಡಿ 'ನಾಳೆ' ಎಂದುಕೊಂಡು ಹೋಗುವುದು. ಹೀಗೆ ಮೂರು ತಿಂಗಳು!

ಮನೆಯಲ್ಲಿ ಅಕ್ಕ ರೇಗಿಸಿದಳು. "ರುಚಿ ಗೊತ್ತಾಗಲ್ಲ, ಆದ್ರೂ ದಿನಾ ಅದೇ ಗಾಡಿ! ಏನು ಪುಟ್ಟಿ ವಿಷ್ಯ?"

"ಹೋಗೇ ಅಕ್ಕಾ!"

*

ಒಂದು ದಿನ ಅವನು ಹೇಳಿದ. "ನಾಲ್ಕು ವರ್ಷದಿಂದ ಅಮ್ಮನ ಸೂಪು ಮಾಡೋಕೆ ಒದ್ದಾಡ್ತಿದ್ದೀನಿ. ಬರ್ತಾನೇ ಇಲ್ಲ. ದಿನಾ ಇದನ್ನೇ ಕುಡಿದು ನನ್ನ ನಾಲಿಗೆಗೂ ನಂಬಿಕೆ ಹೋಗಿದೆ. ಅಮ್ಮನ ಕೈ ಸೂಪು ಕುಡಿದವರು ನೀವಿದ್ದೀರಿ. ನಾಳೆ ನೀವೇ ಹೇಳ್ಬೇಕು."

ಬೇಡ ಎನ್ನಲು ಹೊರಟವಳು ಹೂಂ ಎಂದುಬಿಟ್ಟಳು.

ಮರುದಿನ ಅವನು ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟಿದ್ದ. ಟ್ಯಾಕ್ಸಿ ಮಾವ, ಇನ್ನೂ ಏಳೆಂಟು ಜನ ಕಾಯುತ್ತಿದ್ದರು. ಪಾತ್ರೆಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಯಾರಿಗೂ ಕೊಟ್ಟಿಲ್ಲ. ನಾನೂ ಬಾಯಿಗೆ ಇಟ್ಟಿಲ್ಲ. ಮೊದಲ ಬಟ್ಟಲು ನಿಮ್ಗೆ."

"ಮಾವ ಕುಡೀಲಿ... ದೊಡ್ಡವ್ರು..."

"ಮಾವ ನಂಗೆ ಯಾವತ್ತೂ ಇದ್ದಾನೆ. ನೀವು ಕುಡೀರಿ."

ಓಡಿಹೋಗಬಹುದಿತ್ತು. ನಿಜ ಹೇಳಬಹುದಿತ್ತು. ಆದರೆ ಅವನು ಸೌಟನ್ನು ಎದೆಗೊತ್ತಿಕೊಂಡು, ಉಸಿರು ಬಿಗಿಹಿಡಿದು ಅವಳ ತುಟಿಯನ್ನೇ ನೋಡುತ್ತಿದ್ದ. ಆ ಮುಖಕ್ಕೆ 'ಗೊತ್ತಿಲ್ಲ' ಎನ್ನುವುದು ಹೇಗೆ?

ಕುಡಿದಳು. ಬಿಸಿಯೊಂದು ಬಿಟ್ಟು ಏನೂ ತಿಳಿಯಲಿಲ್ಲ.

"ಅದೇ..." ಎಂದಳು. "ನಿಮ್ಮಮ್ಮನದೇ ರುಚಿ!"

ಅವನ ಕಣ್ಣು ತುಂಬಿಬಂತು. ಎಲ್ಲರೆದುರೇ ಅವಳ ಕೈ ಹಿಡಿದುಕೊಂಡ. "ನಾಳೆ... ನಿಮ್ಮಕ್ಕನ್ನ ನೋಡೋಕೆ ಬರ್ಲಾ? ಕೇಳೋದಿದೆ."

ಅವಳು ತಲೆಯಾಡಿಸಿದಳು. ಅಯ್ಯೋ, ಆ ಒಂದು ಗಳಿಗೆ! ಜೀವನದಲ್ಲಿ ಅಷ್ಟು ಸುಖ ಅವಳು ಕಂಡಿರಲಿಲ್ಲ.

ಅವನು ಕಣ್ಣೊರೆಸಿಕೊಂಡು ಎಲ್ಲರಿಗೂ ಬಡಿಸಿದ.

"ಥೂ!" ಟ್ಯಾಕ್ಸಿ ಮಾವ ಬಾಯಲ್ಲಿದ್ದದ್ದನ್ನು ಬಕೆಟ್‌ಗೆ ಉಗಿದ. "ತಳ ಹಿಡಿದಿದೆಯಲ್ಲೋ! ಕಹಿ ಅಂದ್ರೆ ಕಹಿ! ಬಕೆಟ್ ಮೇಡಂ ಚೆನ್ನಾಗೇ ಬಕೆಟ್ ಹಿಡಿದ್ರು ನಿಂಗೆ!"

ಗೊಳ್ಳೆಂದು ನಗು.

ಅವನು ಒಂದು ಚಮಚ ಬಾಯಿಗಿಟ್ಟ. ಮುಖ ಬಿಳಿಚಿತು. ಅವಳ ಖಾಲಿ ಬಟ್ಟಲು ನೋಡಿದ. ಆಮೇಲೆ ಅವಳನ್ನು.

"ಇದನ್ನ ಪೂರ್ತಿ ಕುಡಿದ್ರಾ? ಕುಡಿದು... ಅಮ್ಮನದೇ ರುಚಿ ಅಂದ್ರಾ?"

"ನಾನು... ಅದು..."

"ಮೂರು ತಿಂಗಳಿಂದ ಹೇಳಿದ್ದೆಲ್ಲಾ ಹೀಗೇನಾ? ಗಾಡಿಯವನು ತಾನೇ, ಹೊಗಳಿದ್ರೆ ಕುಣೀತಾನೆ, ನೋಡೋಕೆ ಮಜಾ ಇರುತ್ತೆ ಅಂತಾನಾ?"

"ಹಾಗಲ್ಲ..."

"ಹೋದ ಅಮ್ಮನ ಹೆಸ್ರಲ್ಲೂ ಸುಳ್ಳು! ಇಂಥ ನಾಲಿಗೆ ಇದ್ರೇನು, ಬಿದ್ದುಹೋದ್ರೇನು!"

ಆ ಮಾತು ನೇರ ಬಂದು ಎದೆಗೆ ನಾಟಿತು. ಅವಳು ಬಾಯಿ ತೆರೆದಳು. ಸುತ್ತ ಏಳೆಂಟು ಜನ, ಎಲ್ಲರೂ ಭಾನುವಾರದ ಪತ್ರಿಕೆ ಓದುವವರೇ. ಬಾಯಿ ಮುಚ್ಚಿಕೊಂಡಳು. ಬಟ್ಟಲು ಮೆಲ್ಲಗೆ ಕೆಳಗಿಟ್ಟು ನಡೆದಳು.

"ಹೇಳ್ಬಿಡಬಾರದಿತ್ತಾ ಪುಟ್ಟಿ?" ಮನೆಯಲ್ಲಿ ಅಕ್ಕ ಬೆನ್ನು ಸವರುತ್ತ ಕೇಳಿದಳು.

"ಅಂಕಣಕ್ಕೆ ಹೆದರಿದೆ ಅಕ್ಕಾ. ಅವನಿಗಿಂತ ಅದೇ ದೊಡ್ಡದಾಯ್ತು ಆ ಹೊತ್ತಲ್ಲಿ." ಬಿಕ್ಕಿ ಬಿಕ್ಕಿ ಅತ್ತಳು.

*

ಗಾಯಕ್ಕೆ ಉಪ್ಪು ಸುರಿದಂತೆ ಆ ಭಾನುವಾರವೇ ಅವಳ ವರ್ಷದ ಪಟ್ಟಿ ಅಚ್ಚಾಗಿ ಬಂತು. ಊರಿನ ಹತ್ತು ಅಗ್ಗದ ರುಚಿಗಳು. ಒಂದು ವಾರ ಮೊದಲೇ ಬರೆದುಕೊಟ್ಟಿದ್ದು. ಮೊದಲ ಸ್ಥಾನ ಸೂಪಿನ ಗಾಡಿಗೆ!

ಸೋಮವಾರ ದೂರದಿಂದಲೇ ನೋಡಲು ಹೋದಳು. ಗಲ್ಲಿ ತುಂಬ ಜನ. ಗಾಡಿಗೆ ಒಂದು ಹಲಗೆ ನೇತಾಡುತ್ತಿತ್ತು. 'ಪತ್ರಿಕೆ ಓದಿ ಬಂದವರಿಗೆ ಸೂಪು ಇಲ್ಲ.'

 ಅವಳು ಕೊಟ್ಟಿದ್ದು ಅವನಿಗೆ ಭಿಕ್ಷೆಯಾಗಿ ಕಂಡಿತ್ತು.

ಮೂರು ವಾರ ಬರೆಯಲು ಕೂತರೆ ಕೈ ಏಳಲಿಲ್ಲ. ನಾಲ್ಕನೇ ವಾರ ಒಂದೇ ಕೂತಲ್ಲಿ ಬರೆದಳು. 'ನನಗೆ ಎರಡು ವರ್ಷದಿಂದ ರುಚಿ ತಿಳಿಯುವುದಿಲ್ಲ. ನಿಮ್ಮ ಎಂಜಲು ನೋಡಿ, ನಿಮ್ಮ ಮಾತು ಕದ್ದು ಕೇಳಿ ಬರೆದೆ. ಗಾಡಿಗಳು ಒಳ್ಳೆಯವೇ. ಸುಳ್ಳು ನನ್ನದು. ಒಬ್ಬರು ನಂಬಿ ಕೇಳಿದ ಪ್ರಶ್ನೆಗೆ ಮಾತ್ರ ಹೇಳಬಾರದ ಸುಳ್ಳು ಹೇಳಿದೆ. ಅವರ ಸೂಪು ತಳ ಹಿಡಿದಿತ್ತಂತೆ. ನನಗೆ ತಿಳಿಯಲಿಲ್ಲ.'

ಸಂಪಾದಕರು ಓದಿ ಕನ್ನಡಕ ತೆಗೆದಿಟ್ಟರು. "ಇದು ಅಚ್ಚಾದ್ರೆ ನಿಮ್ಮ ಅಂಕಣ ಮುಗೀತಮ್ಮ."

"ಗೊತ್ತು ಸರ್."

ಮುಗಿಯಿತು. ಓದುಗರು ಬಾಯಿಗೆ ಬಂದಂತೆ ಬೈದು ಬರೆದರು. ನಂಬಿ ಕೆಟ್ಟೆವು ಎಂದರು. ಯಾವ ಗಾಡಿಯ ಮುಂದೆ ಹೋದರೂ ಗುರುತು ಹಿಡಿದು ಗುಸುಗುಸು.  

*

ಹತ್ತು ದಿನ ಕಳೆದು ನಾಲ್ಕು ಗಂಟೆಗೆ ಆ ಗಲ್ಲಿಗೆ ಹೋದಳು. ಕ್ಷಮೆ ಕೇಳಿ ಬರೋಣ, ಅಷ್ಟೇ. ಗಾಡಿಯ ಮುಂದೆ ಯಾರೂ ಇರಲಿಲ್ಲ. ಹಲಗೆ ಈಗ ಚಕ್ರ ಉರುಳದಂತೆ ಅದರ ಕೆಳಗೆ ಒತ್ತಾಗಿ ಬಿದ್ದಿತ್ತು. ಹಿಂದೆ ನಿಂತವಳು ಅಭ್ಯಾಸಬಲದಿಂದ ನೀಲಿ ಬಕೆಟ್ ಕಡೆ ಬಗ್ಗಿದಳು.

ಅರ್ಧಕ್ಕಿಂತ ಮೇಲೆ ತುಂಬಿತ್ತು!

"ಏನ್ರೀ... ಓಲೆ ಬಿತ್ತಾ?"

ಅವನು. ಗಡ್ಡ ಬೆಳೆದಿತ್ತು. ದನಿಯಲ್ಲಿ ನಗುವಿರಲಿಲ್ಲ.

"ಬಕೆಟ್ ತುಂಬಿದೆ," ಎಂದಳು ಮೆಲ್ಲಗೆ.

"ಕೈ ಹಿಡಿತ ತಪ್ಪಿದೆ. ಒಂದು ತಿಂಗಳ ಮೇಲಾಯ್ತು." ಸೌಟನ್ನು ಮುಚ್ಚಳದ ಮೇಲಿಟ್ಟ. "ಅಂಕಣ ಹೋಯ್ತಂತೆ."

"ಹೋಯ್ತು."

"ನಾಲಿಗೆ... ಮತ್ತೆ ಬರುತ್ತಾ?"

"ಬರಲ್ಲ ಅನ್ಸುತ್ತೆ."

"ಪೇಪರ್‌ಗೆ ಹೇಳಿದ್ರಿ. ಊರಿಗೆಲ್ಲಾ ಹೇಳಿದ್ರಿ. ಮೂರು ತಿಂಗಳು ಎದುರಿಗೇ ನಿಂತಿದ್ನಲ್ಲಾ, ನಂಗೆ ಒಂದ್ಮಾತು ಹೇಳೋಕಾಗ್ಲಿಲ್ವಾ?"

"ದಿನಾ 'ನಾಳೆ ಹೇಳ್ತೀನಿ' ಅಂದ್ಕೊಂಡೇ ಹೋಗ್ತಿದ್ದೆ. ಅವತ್ತು ನೀವು ಕೇಳಿದ್ದು ಅಮ್ಮ ಸಿಕ್ಕಿದ್ರಾ ಅಂತ. ಆ ಮುಖಕ್ಕೆ ಇಲ್ಲ ಅಂತ ಹೇಗೆ ಹೇಳ್ಲಿ?"

ಅವನು ಮುಖ ತಿರುಗಿಸಿದ. "ನಾಲಿಗೆ ಬಿದ್ದುಹೋದ್ರೇನು ಅಂದ್ಬಿಟ್ಟೆ. ನೀವು ಬರೆದಿದ್ದು ಓದಿದ ದಿನ ಗಂಟಲಲ್ಲಿ ನೀರು ಇಳೀಲಿಲ್ಲ ನಂಗೆ."

"ನಿಜಾನೇ ಅಂದ್ರಿ."

"ಅನ್ಬೇಡಿ! ಅವತ್ತು ಯಾಕೆ ತಳ ಹಿಡೀತು ಗೊತ್ತಾ? ನಿಮ್ಮ ದಾರಿ ನೋಡ್ತಾ ಕೈಯಾಡಿಸೋದೇ ಮರೆತೆ. ಸೀದ ವಾಸನೆ ಬಂತು. ಪಕ್ಕದ ಗಾಡಿ ಎಣ್ಣೆದು ಅಂದ್ಕೊಂಡೆ. ತಪ್ಪು ಮೊದ್ಲು ನಂದು."

ಇಬ್ಬರೂ ಅಳಲಿಲ್ಲ. ಅತ್ತು ಅತ್ತು ಇಬ್ಬರಿಗೂ ಸಾಕಾಗಿತ್ತು.

ಅವನು ಪಾತ್ರೆಯ ಮುಚ್ಚಳ ತೆಗೆದು ಒಂದು ಬಟ್ಟಲು ಬಡಿಸಿ ಮುಂದಿಟ್ಟ. "ಇವತ್ತಿನ ಎರಡನೇ ಪಾತ್ರೆ ಇದು. ಇದರ ಮೊದಲ ಬಟ್ಟಲು."

"ನಂಗೇನೂ ಗೊತ್ತಾಗಲ್ಲ..."

"ಗೊತ್ತಾದಷ್ಟೇ ಹೇಳಿ."

ಒಂದು ಚಮಚ ಕುಡಿದಳು. "ಬಿಸಿ ಇದೆ. ತೆಳುವಾಗಿದೆ." ಮತ್ತೊಂದು ಚಮಚ. ಏನೋ ನೆನಪಾಗಿ ಕೈ ನಿಂತಿತು. "ಅಮ್ಮನದು ಇಷ್ಟು ತೆಳು ಇರ್ಲಿಲ್ಲ. ಚಮಚ ನೆಟ್ಟಗೆ ನಿಂತು, ನಿಧಾನವಾಗಿ ಓರೆಯಾಗ್ತಿತ್ತು. ಯಾರ ಚಮಚ ಜಾಸ್ತಿ ಹೊತ್ತು ನಿಲ್ಲುತ್ತೆ ಅಂತ ನಾವು ಹುಡುಗೀರು ಪಂದ್ಯ ಕಟ್ತಿದ್ವಿ!"

ಅವನು ಕಣ್ಣು ಮಿಟುಕಿಸದೆ ನೋಡಿದ.

"ಬನ್ನು..." ಎಂದ. "ಹಿಂದಿನ ದಿನ ಉಳಿದ ಬನ್ನು ಪುಡಿ ಮಾಡಿ ಹಾಕ್ತಿದ್ಲು ಅಮ್ಮ! ಅದನ್ನೇ ಮರೆತು ನಾನು ಮೆಣಸು, ಬೆಳ್ಳುಳ್ಳಿ ಅಂತ ನಾಲ್ಕು ವರ್ಷ ತಲೆ ಕೆಡಿಸ್ಕೊಂಡೆ..."

ನಿನ್ನೆಯ ಎರಡು ಬನ್ನು ಹುಡುಕಿ ತೆಗೆದ. ಪುಡಿ ಮಾಡಿ ಸುರಿದ. ಈ ಸಲ ಕಣ್ಣು ತೆಗೆಯದೆ ಕೈಯಾಡಿಸಿದ. ಬಟ್ಟಲಿಗೆ ಹಾಕಿ ಚಮಚ ನೆಟ್ಟ. ನಿಂತಿತು... ನಿಂತೇ ಇತ್ತು... ಮೆಲ್ಲಗೆ ಓರೆಯಾಯಿತು.

ಅವನು ಕುಡಿದ. ಕಣ್ಣು ಮುಚ್ಚಿಕೊಂಡ.

ಆ ರುಚಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಅವಳೂ ಯತ್ನಿಸಿದಳು. ಬರಲಿಲ್ಲ. ನೆನಪಿನಿಂದಲೂ ಜಾರಿಹೋಗಿತ್ತು ಅದು. 

"ಹೇಳಿ," ಎಂದಳು. "ಅಮ್ಮನ ಹಾಗಿದೆಯಾ?"

"ಇಲ್ಲ." ಅವನ ಕೆನ್ನೆ ಒದ್ದೆಯಾಗಿತ್ತು. "ಆದ್ರೆ ಇಷ್ಟು ಹತ್ರ ಯಾವತ್ತೂ ಬಂದಿರ್ಲಿಲ್ಲ."

ನಿಜ ಹೇಳಿದ. ಅವಳಿಗೆ ಅಷ್ಟು ಸಾಕಿತ್ತು.

"ಉಪ್ಪು ಹುಳಿ ನಾನು ನೋಡ್ಕೋತೀನಿ," ಎಂದ ಸೌಟು ಅವಳ ಕೈಗೆ ಕೊಡುತ್ತ. "ಬಿಸಿ, ಗಟ್ಟಿ ನೀನು ನೋಡು."

"ನೀನು ಅಂದ್ರಾ?"

"ಅಂದೆ."

ಅವಳು ಪಾತ್ರೆಯಲ್ಲಿ ಕೈಯಾಡಿಸತೊಡಗಿದಳು, ತಳದವರೆಗೆ, ನಿಧಾನವಾಗಿ. "ಹಾಗಾದ್ರೆ... ನಾಳೆ ಅಕ್ಕನ್ನ ನೋಡೋಕೆ ಬರ್ತೀರಾ?"

"ಬರ್ತೀನಿ. ಸೂಪು ತರ್ಲಾ?"

"ತನ್ನಿ. ಆದ್ರೆ ಈ ಸಲ ಮೊದಲು ನೀವು ರುಚಿ ನೋಡಿ ತನ್ನಿ."