ಸೀಟಿ ಮತ್ತು ಕರಿ ಪುಡಿ

"ಉಗುಳ್ರಿ ಕಾಕಾ. ಸಾಲಿ ಗೇಟಿನ ಮುಂದ ತಂಬಾಕ ನಡ್ಯಂಗಿಲ್ಲ."

ಐದನೇ ಕ್ಲಾಸಿನ ಭಾಗ್ಯಜ್ಯೋತಿ ಸೀಟಿ ಊದಿ ಟಂಟಂ ಆಟೋ ನಿಲ್ಲಿಸಿದ್ದಳು. ಎದೆಯ ಮೇಲೆ ‘ತಂಬಾಕು ಮಾನಿಟರ್’ ಬ್ಯಾಡ್ಜು, ಕೈಯಲ್ಲಿ ಸಿಕ್ಕಿಬಿದ್ದವರ ಹೆಸರು ಬರೆಯುವ ನೋಟ್‌ಬುಕ್ಕು. ಅಬ್ಬಾ, ಅವಳ ಗತ್ತು ನೋಡಬೇಕಿತ್ತು. ಮಟಕಿಯಿಂದ ಆಳಂದಕ್ಕೆ ಟಂಟಂ ಹೊಡೆಯುವ ದಾವಲಸಾಬ ದೂರ ಹೋಗಿ ಉಗುಳಿ ಬಂದ.

"ಬಿಡಾಕ ಆಗವಲ್ದವ್ವಾ," ಎಂದ.

"ಅದೇನ್ ದೊಡ್ಡದ್ರಿ? ನಾಳಿಂದ ಮುಟ್ಟಬ್ಯಾಡ್ರಿ, ಮುಗೀತು," ಎನ್ನುತ್ತ ಅವನ ಹೆಸರು ಬರೆದುಕೊಂಡಳು.

ಅವತ್ತೇ ಕ್ಲಾಸಿನಲ್ಲಿ ತಂಬಾಕಿನ ಪಾಠಕ್ಕೆಂದು ರೇವಣಪ್ಪ ಸರ್ ಮೇಜಿನ ಮೇಲೆ ಬೀಡಿ, ಗುಟ್ಕಾ, ಪೆನ್ನಿನಂತೆ ಕಾಣುವ ಇ-ಸಿಗರೇಟಿನ ಚಿತ್ರ ಎಲ್ಲ ಜೋಡಿಸಿದರು. ಕೊನೆಗೆ ಒಂದು ಡಬ್ಬಿ ತೆರೆದರು. ಒಳಗೆ ಕರಿ ಪುಡಿ ಇತ್ತು.

ಭಾಗ್ಯಜ್ಯೋತಿ ಕಿಸಕ್ಕನೆ ನಕ್ಕಳು. "ಸರ್, ಇದನ್ಯಾಕ ತಂದೀರಿ? ಇದು ಮಿಶ್ರಿ, ಹಲ್ಲಿನ ಪುಡಿರಿ. ನಾನೂ ನಮ್ಮ ಆಯಿನೂ ದಿನಾ ಇದರಿಂದಾನ ಹಲ್ಲ ತಿಕ್ಕೋತೀವಿ."

"ತಂಬಾಕಿನ ಎಲಿ ಸುಟ್ಟು ಪುಡಿ ಮಾಡಿದ್ರ ಮಿಶ್ರಿ ಆಗ್ತದವ್ವಾ," ಎಂದರು ಸರ್ ಮೆಲ್ಲಗೆ.

ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನ ಗುರುಲಿಂಗ ಬಾಯಲ್ಲೇ ಸೀಟಿ ಹೊಡೆದ. "ಉಗುಳ್ರಿ ಮಾನಿಟರ್."

ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ. ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟಳು.

"ನನ್ನ ಕಡೆ ಇರ್ಲಿ. ಎಂಟು ದಿನ ಮಿಶ್ರಿ ಮುಟ್ಟದಂಗ ಇರು, ವಾಪಸ್ ಕೊಡ್ತೇನಿ," ಎಂದರು ಸರ್.

ಸಂಜೆ ಮನೆಯಲ್ಲಿ ಅಳುತ್ತಲೇ ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಬರೆದಳು. ಅವಳು ಆಯಿ ಎನ್ನುವ ಅಜ್ಜಿ ನಿಂಬೆವ್ವ ಎಲ್ಲವನ್ನೂ ಕೇಳಿ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟಳು.

"ನಂದೂ ಬರಿ. ನಿನ್ನ ಹೆಸರಿನ ಕೆಳಗ ಬ್ಯಾಡ, ಮ್ಯಾಲ ಬರಿ. ನಿನಗ ಕಲಿಸಿದಾಕಿ ನಾನ."

ಮರುದಿನ ಬೆಳಿಗ್ಗೆ ಹೊಸ ಬ್ರಶ್ಶು ಹುಡುಕುತ್ತಿದ್ದ ಭಾಗ್ಯಜ್ಯೋತಿಯ ಕೈ ತಾನಾಗಿಯೇ ಗೋಡೆಗೂಡಿನ ಮಿಶ್ರಿ ಡಬ್ಬಿಗೆ ಹೋಯಿತು. ಅಲ್ಲಿ ಅಜ್ಜಿಯ ಕೈ ಆಗಲೇ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಡಬ್ಬಿಯೇನೋ ತಿಪ್ಪೆ ಸೇರಿತು. ಆದರೆ ಶಾಲೆಗೆ ಹೋಗುವವರೆಗೂ ಬಾಯಿ ಅದನ್ನೇ ಬೇಡುತ್ತಿತ್ತು.

ಗೇಟಿನ ಹತ್ತಿರ ದಾವಲಸಾಬನ ಕೈ ಕಿಸೆಗೆ ಹೋಗುವುದು ಕಂಡಿತು. ಭಾಗ್ಯಜ್ಯೋತಿ ಸೀಟಿಯನ್ನು ಬಾಯಿಗಿಟ್ಟಳು. ಊದಲಿಲ್ಲ. ಅಜ್ಜಿ ಕಟ್ಟಿಕೊಟ್ಟಿದ್ದ ಹುರಿದ ಶೇಂಗಾದಲ್ಲಿ ಒಂದು ಹಿಡಿ ತೆಗೆದು ಅವನ ಮುಂದೆ ಚಾಚಿದಳು.

"ತಿನ್ರಿ ಕಾಕಾ. ನಾನೂ ಬಿಡಾಕತ್ತೇನಿ. ಇವತ್ತ ಒಂದನೇ ದಿನ."

ದಾವಲಸಾಬ ಕಿಸೆಯಿಂದ ಕೈ ತೆಗೆದು ಬೊಗಸೆ ಒಡ್ಡಿದ.