ಗೋಡೆಗೂ ಕುದುರೆಗೂ ನಡುವೆ

"ಅಲ್ಲಾಡ್ಬೇಡಿ! ಹಾಗೇ ನಿಂತ್ಕೊಳ್ಳಿ!"

ಕೂಗಿದವರು ಯಾರೆಂದು ನೋಡಲು ಅವಳಿಗೆ ಕತ್ತು ತಿರುಗಿಸಲೂ ಆಗಲಿಲ್ಲ. ಅವಳು ಮೈಯುಜ್ಜುತ್ತಿದ್ದ ಕಂದು ಬಣ್ಣದ ಹೆಣ್ಣು ಕುದುರೆ ಏಕೋ ಬೆದರಿ, ಅವಳನ್ನು ಲಾಯದ ಗೋಡೆಗೆ ಒತ್ತಿಬಿಟ್ಟಿತ್ತು. ಬ್ರಷ್ ಕೈಯಲ್ಲೇ ಇತ್ತು... ಉಸಿರೇ ಇರಲಿಲ್ಲ.

ಕೂಗಿದವನು ಮೆಲ್ಲಗೆ ಬಂದು, ಹಗ್ಗ ಹಿಡಿದು, ಕುದುರೆಯನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಿದ.

"ಯಾರ್ರೀ ನೀವು?"

"ಲಾಳ ಹೊಡೆಯೋನು. ವಿಚಾರಣೆ ಆಮೇಲೆ ಮಾಡಿ, ಮೊದ್ಲು ಉಸಿರಾಡಿ!"

ಅವಳು ನಕ್ಕುಬಿಟ್ಟಳು. ನಕ್ಕು ಎಷ್ಟು ಕಾಲವಾಗಿತ್ತೋ!

ಅವಳ ಅಪ್ಪ ಹಿಂದೆ ದೊಡ್ಡ ಸವಾರ. ಕುದುರೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಅವರ ಲೋಕ. ಅಲ್ಲಿಂದ ಲಾಯ, ಅಂಗಳ, ಗೇಟು ಎಲ್ಲವೂ ಕಾಣುತ್ತಿತ್ತು. ಮಗಳು ಕುದುರೆ ಹತ್ತುವಂತಿಲ್ಲ. ಗೇಟು ದಾಟುವಂತಿಲ್ಲ.

"ನಿನಗೇನಾದ್ರೂ ಆದ್ರೆ ನನಗ್ಯಾರಮ್ಮ ಇದ್ದಾರೆ?"

ಹಾಗೆಂದು ಅವರು ಕಣ್ಣು ತುಂಬಿಕೊಂಡರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಬೈದಿದ್ದರೆ ಜಗಳವಾಡಬಹುದಿತ್ತು. ಪ್ರೀತಿಯೊಂದಿಗೆ ಹೇಗೆ ಜಗಳವಾಡುವುದು?

ಕುದುರೆಯ ಗೊರಸು ಬಿರುಕು ಬಿಟ್ಟಿತ್ತು. ಅದನ್ನು ನೋಡಲು ಲಾಳದವನು ಮತ್ತೆ ಮತ್ತೆ ಬಂದ. ಅವನು ಬರುವ ದಿನ ಅವಳು ಕುದುರೆಯ ಕತ್ತಿನ ಕೂದಲನ್ನು ಬೇಕೆಂದೇ ನಿಧಾನವಾಗಿ ಬಾಚುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪನ ಕಿಟಕಿಯ ಕೆಳಗೆ ಹಾದುಹೋಗುವಾಗ ಅವಳಿಗೆ ಒಳಗಿನಿಂದ ಅವನ ದನಿ ಕೇಳಿಸಿತು.

"ಅವಳನ್ನ ನನ್ನ ಜೊತೆ ಕಳಿಸಿಕೊಡಿ. ಇಲ್ಲೇ ಇದ್ರೆ ಕೊರಗಿ ಹೋಗ್ತಾಳೆ. ಚೆನ್ನಾಗಿ ನೋಡ್ಕೋತೀನಿ."

"ಯೋಚನೆ ಮಾಡ್ತೀನಪ್ಪ," ಎಂದರು ಅಪ್ಪ.

ಅವಳ ಮೈ ಉರಿದುಹೋಯಿತು. 'ನನ್ನನ್ನೊಂದು ಮಾತು ಕೇಳಲಿಲ್ಲ! ಇವರ ಕೈಯಿಂದ ಅವನ ಕೈಗೆ... ಅಷ್ಟೇನಾ ನನ್ನ ಬಾಳು?'

ಅವನು ಲಾಯಕ್ಕೆ ಬಂದಾಗ ಅವಳು ಬಾಚಣಿಗೆ ಎಸೆದಳು.

"ಹಗ್ಗ ಹಿಡಿದು ಕರ್ಕೊಂಡು ಹೋಗೋಕೆ ನಾನೇನು ಕುದುರೇನಾ?"

ಅವನು ಕಣ್ಣು ಕಣ್ಣು ಬಿಟ್ಟ. "ಅಯ್ಯೋ... ನಾನು ಹೇಳಿದ್ದು ಇವಳ ವಿಷಯ ಕಣ್ರೀ! ನಮ್ಮ ಹುಲ್ಲುಗಾವಲಲ್ಲಿ ಬಿಟ್ರೆ ಗೊರಸು ಬೇಗ ವಾಸಿಯಾಗುತ್ತೆ ಅಂತ..."

ಕುದುರೆ ಬಾಲ ಬೀಸಿತು. ಅವಳಿಗೆ ನೆಲದೊಳಗೆ ಹೂತುಹೋಗುವ ಹಾಗಾಯಿತು!

"ನಿಮ್ಮ ವಿಷಯ ಆಗಿದ್ರೆ ನಿಮ್ಮನ್ನೇ ಕೇಳ್ತಿದ್ದೆ," ಎಂದ ಅವನು ತಗ್ಗಿದ ದನಿಯಲ್ಲಿ. "ಬಂದಾಗೆಲ್ಲ ಕೇಳ್ಬೇಕು ಅನ್ಕೊಂಡೆ... ಧೈರ್ಯ ಸಾಲ್ಲಿಲ್ಲ."

ಅವಳು ಸೀದಾ ಅಪ್ಪನ ಬಳಿಗೆ ಹೋದಳು.

"ಅಪ್ಪಾ, ಕುದುರೇನ ಹುಲ್ಲುಗಾವಲಿಗೆ ನಾನೇ ಬಿಟ್ಟು ಬರ್ತೀನಿ. ಆಮೇಲೂ ಹೋಗ್ತಾ ಬರ್ತಾ ಇರ್ತೀನಿ. ನನಗೆ ಆ ಲಾಳದವರು ಇಷ್ಟ. ಇಲ್ಲಿ... ನನಗೆ ಉಸಿರು ಕಟ್ಟುತ್ತೆ ಅಪ್ಪಾ."

ಅಪ್ಪ ಕಿಟಕಿಯಾಚೆಯ ಗೇಟಿನತ್ತ ನೋಡಿದರು. ಆಮೇಲೆ ಅವಳ ತಲೆ ಸವರಿದರು.

"ಬಿದ್ದವನು ನಾನು. ಶಿಕ್ಷೆ ಮಾತ್ರ ನಿನಗೆ ಕೊಟ್ಟೆ. ಹೋಗ್ಬಾ ಮಗಳೇ."

ಗೇಟಿನಾಚೆಯ ಬೀದಿಯಲ್ಲಿ ಕುದುರೆ ಕುಂಟುತ್ತಾ ನಡೆಯಿತು. ಅದರ ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ಅವನು.

"ಈಗ ಕೇಳಿ," ಎಂದಳು.

"ಏನನ್ನ?"

"ಧೈರ್ಯ ಸಾಲ್ಲಿಲ್ಲ ಅಂದ್ರಲ್ಲ, ಅದನ್ನ!"

ಅವನು ನಿಂತುಬಿಟ್ಟ. "ನನ್ನ... ನನ್ನ ಮದುವೆ ಆಗ್ತೀರಾ?"

"ಆಗ್ತೀನಿ. ಆದ್ರೆ ಅಪ್ಪನ್ನ ಒಬ್ಬರನ್ನೇ ಬಿಡೋಕಾಗಲ್ಲ ನನಗೆ."

"ನನಗೆ ಅಪ್ಪ ಇಲ್ಲ ಕಣ್ರೀ," ಎಂದ ಅವನು. "ನಿಮ್ಮಪ್ಪನ್ನ ಹಂಚ್ಕೊಳ್ಳೋಣ್ವಾ?"