ರೇವಿ ಮಾಡಿದ ರಾಜಗಿರಿ ಪಲ್ಯ

“ಚಿಗವ್ವ, ಇದೇನ ರೊಟ್ಟಿಯೋ ಇಂಡಿಯಾ ಮ್ಯಾಪೋ? ಶ್ರೀಲಂಕಾ ಒಂದ ಕೆಳಗ ಬಿದ್ದೈತಿ ನೋಡ,” ಎಂದಳು ರೇವಿ.

ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ರೇವಿಯ ಅಜ್ಜಿ, ಆಯಿ ಶಿವಗಂಗವ್ವ, ಕಡುಬು ತುಂಬುವುದನ್ನೂ ಬಿಟ್ಟು ನಕ್ಕಳು. ಸಾವಂತ್ರೆವ್ವ ಚಿಗವ್ವ ಮಾತ್ರ ಹರಿದ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿದಳು.

ಈರಪ್ಪ ಕಾಕಾನ ಹೆಂಡತಿಯಾಗಿ ಅವಳು ಹುಬ್ಬಳ್ಳಿಯಿಂದ ಯರಗುಪ್ಪಿಗೆ ಬಂದು ಐದು ತಿಂಗಳಾಗಿತ್ತು. ಗ್ಯಾಸ್ ಒಲೆಯ ಮುಂದೆ ನಿಂತು ಚಪಾತಿ ಮಾಡಿ ಬೆಳೆದವಳು. ಎಸ್ಸೆಸ್ಸೆಲ್ಸಿ ಪಾಸಂತೆ. ಪಾಸಾದರೇನು, ಜೋಳದ ಹಿಟ್ಟು ಸರ್ಟಿಫಿಕೇಟು ನೋಡಿ ಬಗ್ಗುತ್ತದೆಯೇ?

ರೇವಿ ಐದನೇ ಇಯತ್ತೆ. ಚಿಗವ್ವನನ್ನು ಆಡಿಕೊಂಡರೆ ದೊಡ್ಡವರೆಲ್ಲ ನಗುತ್ತಾರೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅಂಥ ರುಚಿ ಹತ್ತಿದ ಮೇಲೆ ಬಾಯಿ ಸುಮ್ಮನಿರುವುದಿಲ್ಲ.

ಅಂದು ಶೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಬೆಳೆಗೆ ಪೂಜೆ ಮಾಡಿ, ತಂದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲದ ತುಂಬ ಚೆಲ್ಲಬೇಕು. ಅದೇ ಚರಗ. ಚರಗ ಚೆಲ್ಲುವವರೆಗೆ ಯಾರೂ ಏನನ್ನೂ ತಿನ್ನುವಂತಿಲ್ಲ. ಅಡುಗೆಯವರು ಉಪ್ಪು ಖಾರ ಕೂಡ ನೋಡುವಂತಿಲ್ಲ.

“ರಾಜಗಿರಿ ಪಲ್ಯ ನಾ ಮಾಡತೇನಿ, ಆಯಿ. ಚಿಗವ್ವನ ಕೈಯಾಗ ಕೊಟ್ರ ಭೂಮಿತಾಯಿ ಉಣ್ಣಂಗಿಲ್ಲ.”

ಆಯಿ ಅದಕ್ಕೂ ನಕ್ಕು, “ಮಾಡ ಬೇ,” ಎಂದಳು.

ಬೆಳಿಗ್ಗೆ ಕಿತ್ತು ತಂದ ಸೊಪ್ಪು. ಹೆಚ್ಚಿ ಹಾಕಿದರೆ ಬೋಗುಣಿ ತುಂಬಿ ಮೇಲೆ ಗುಡ್ಡದಂತೆ ನಿಂತಿತು. ರೇವಿ ಗುಡ್ಡವನ್ನು ನೋಡಿದಳು, ಉಪ್ಪಿನ ಗಡಿಗೆಗೆ ಕೈ ಹಾಕಿದಳು. ಒಂದು ಹಿಡಿ. ಅದರ ಮೇಲೆ ಇನ್ನೊಂದು ಹಿಡಿ.

“ಈಗ ಹಾಕಬ್ಯಾಡ, ರೇವಿ,” ಚಿಗವ್ವ ಮೆಲ್ಲಗೆ ಹೇಳಿದಳು. “ಬೆಂದಮ್ಯಾಲೆ ಅದು ಒಂದ ಬಟ್ಟಲದಷ್ಟ ಆಕ್ಕೈತಿ. ಆಮ್ಯಾಲೆ ಎಷ್ಟೈತಿ ನೋಡಿ ಹಾಕು.”

“ನೀ ನಿನ್ನ ಮ್ಯಾಪ್ ನೋಡ್ಕೊ.”

ಸ್ವಲ್ಪ ಹೊತ್ತಿಗೆ ರೇವಿ ಮುಚ್ಚಳ ತೆಗೆದಳು. ಗುಡ್ಡ ಇರಲಿಲ್ಲ. ಪಲ್ಯ ಬೋಗುಣಿಯ ತಳದಲ್ಲಿ ಮುದುಡಿಕೊಂಡು ಕೂತಿತ್ತು. ರುಚಿ ನೋಡೋಣವೆಂದರೆ ಚರಗದ ಅಡುಗೆ. ಚಿಗವ್ವನನ್ನು ಕೇಳೋಣವೆಂದರೆ ಸೊಕ್ಕು ಅಡ್ಡ ಬಂತು. ಮತ್ತೆ ಮುಚ್ಚಳ ಮುಚ್ಚಿದಳು. ಮುಚ್ಚಿದರೆ ಉಪ್ಪು ಕಡಿಮೆಯಾಗುತ್ತದೆಂದು ಯಾವ ಶಾಲೆಯಲ್ಲಿ ಕಲಿತಳೋ.

ಹೊಲದಲ್ಲಿ ಪೂಜೆಯಾಯಿತು. ಕಾಕಾ ಮೆಣಸಿನ ಗಿಡಗಳ ನಡುವೆ ಓಡಾಡಿ ಚರಗ ಚೆಲ್ಲಿ ಬಂದ. ಕಿತ್ತು ಒಟ್ಟಿದ್ದ ಶೇಂಗಾ ರಾಶಿಯ ಬಾಜು ಎಲ್ಲರೂ ಊಟಕ್ಕೆ ಕೂತರು.

ಭೂಮಿತಾಯಿ ಏನೂ ಅನ್ನಲಿಲ್ಲ. ಕಾಕಾ ಮಾತ್ರ ಮೊದಲ ತುತ್ತಿಗೇ ನೀರಿನ ತಂಬಿಗೆ ಎತ್ತಿದ.

“ಇದೇನ ಪಲ್ಯನೋ, ಉಪ್ಪಿನ ಚೀಲಾನೋ?” ಎಂದು ಹೆಂಡತಿಯ ಕಡೆ ತಿರುಗಿದ. “ನಿಮ್ಮ ಹುಬ್ಬಳ್ಯಾಗ ಉಪ್ಪ ಪುಕ್ಕಟ ಸಿಗತೈತೇನ?”

ಎಲ್ಲರೂ ನಕ್ಕರು. ಪಲ್ಯ ಯಾರು ಮಾಡಿದ್ದೆಂದು ಗೊತ್ತಿದ್ದ ಆಯಿಯೂ ನಕ್ಕಳು. ಮೊಮ್ಮಗಳ ಮಾನ ಉಳಿದರೆ ಸಾಕು, ಸೊಸೆಯದು ಹೋದರೆ ಹೋಗಲಿ.

ಚಿಗವ್ವ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ರೇವಿ ಕಾದಳು. ಚಿಗವ್ವ ತಲೆ ತಗ್ಗಿಸಿ ಅದೇ ಪಲ್ಯ ಉಣ್ಣುತ್ತಿದ್ದಳು. ರೇವಿ ಕೈಯಲ್ಲಿದ್ದ ಕಡುಬನ್ನು ಕೆಳಗಿಟ್ಟಳು.

“ಪಲ್ಯ ನಾ ಮಾಡಿದ್ದು, ಕಾಕಾ. ಚಿಗವ್ವ ಬ್ಯಾಡ ಅಂದಿದ್ಲು. ನಾ ಕೇಳಲಿಲ್ಲ.”

ನಗು ಎರಡು ಪಟ್ಟಾಯಿತು.

“ಇನ್ನಮ್ಯಾಲೆ ಈಕಿ ಹೆಸರ ಉಪ್ಪವ್ವ,” ಎಂದ ಕಾಕಾ. ರೇವಿಯ ಅಪ್ಪನೂ ನಕ್ಕ. ಅವ್ವನೂ ನಕ್ಕಳು.

ರೇವಿಯ ಕಿವಿಗಳು ಬಿಸಿಯಾದವು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಚಿಗವ್ವನ ಕಡೆ ಕಣ್ಣೆತ್ತಿದಳು. ಐದು ತಿಂಗಳ ಮೇಲೆ ಇವತ್ತು ನಗುವ ಪಾಳಿ ಅವಳಿಗೆ ಬಂದಿತ್ತು.

ಚಿಗವ್ವ ನಗಲಿಲ್ಲ. ಮೊಸರಿನ ಗಡಿಗೆಯನ್ನು ಇತ್ತ ಸರಿಸಿದಳು.

“ಹಾಕ್ಕೊಂಡ ಕಲಸು. ಉಪ್ಪ ತಗ್ಗತೈತಿ.”

ರೇವಿ ಎದುರು ಮಾತಾಡದೆ ಹಾಕಿಕೊಂಡು ಕಲಸಿದಳು.